ಹೊಸ ಕನ್ನಡಕವನ್ನು ಪೆಟ್ಟಿಗೆಗೆ ಸೇರಿಸುವ ಮುನ್ನ

“ಹಕೀಮ್ ಸಾಹೇಬ್ರೇ, ಇದನ್ನು ಹಾಕಿದರೆ ನೆಲವೇ ತೇಲುತ್ತದೆ. ಒಳ್ಳೆಯ ಸುರ್ಮಾ ಇದ್ದರೆ ಕೊಡಿ” ಎನ್ನುತ್ತಾ ಹಿರಿಯರೊಬ್ಬರು ತಮ್ಮ ಪ್ರೋಗ್ರೆಸಿವ್ ಕನ್ನಡಕವನ್ನು ನನ್ನ ಮೇಜಿನ ಮೇಲಿಟ್ಟರು. ಕೊಂಡು ನಾಲ್ಕೇ ದಿನವಾಗಿತ್ತು.

ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ, ಚಾಳೀಸಿಗೆ ಸುರ್ಮಾ ಮದ್ದಲ್ಲ. ನಲವತ್ತು ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತಾ ಹೋಗುತ್ತದೆ. ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಯಾವ ಅರ್ಕವೂ ಮಜೂನೂ ಅದನ್ನು ಮೊದಲಿನಂತೆ ಮಾಡಲಾರದು. ಕೆಲವು ಸುರ್ಮಾಗಳಲ್ಲಂತೂ ದೇಹಕ್ಕೆ ವಿಷವಾದ ಸೀಸವಿರುತ್ತದೆ.

ನನಗೂ ಕಳೆದ ವರ್ಷ ಇದೇ ಕನ್ನಡಕ ಬಂತು. ಮೊದಲ ದಿನವೇ ಮಸೀದಿಯ ಮೆಟ್ಟಿಲಲ್ಲಿ ಎಡವಿದೆ. ಕುರ್‌ಆನ್ ತೆರೆದರೆ ಸಾಲಿನ ಎರಡೂ ತುದಿ ಮಸುಕು. ಈ ಲೆನ್ಸಿನ ಮೇಲ್ಭಾಗ ದೂರಕ್ಕೆ, ನಡುಭಾಗ ಕೈಯಳತೆಯ ವಸ್ತುಗಳಿಗೆ, ಕೆಳಭಾಗ ಓದಿಗೆ. ಬೈಫೋಕಲ್‌ನ ಗೆರೆ ಇದರಲ್ಲಿಲ್ಲ. ಪವರ್ ಮೇಲಿನಿಂದ ಕೆಳಕ್ಕೆ ಸ್ವಲ್ಪಸ್ವಲ್ಪವೇ ಬದಲಾಗುತ್ತದೆ. ಅದರಿಂದಾಗಿ ಎರಡು ಬದಿಗಳಲ್ಲಿ ನೋಟ ಸೊಟ್ಟಗಾಗಿ ಮಸುಕಾಗುತ್ತದೆ. ನೆಲ ತೇಲಿದಂತೆ ಕಾಣುವುದೂ ಇದರಿಂದಲೇ.

ಹಾಗಾಗಿ ಪಕ್ಕಕ್ಕೆ ನೋಡುವಾಗ ಕಣ್ಣು ಹೊರಳಿಸದೆ ಮುಖವನ್ನೇ ತಿರುಗಿಸಿ. ಓದುವಾಗ ತಲೆ ಬಗ್ಗಿಸದೆ ಕಣ್ಣನ್ನಷ್ಟೇ ಕೆಳಗಿಳಿಸಿ. ಮೆಟ್ಟಿಲು ಇಳಿಯುವಾಗ ಮಾತ್ರ ಗದ್ದವನ್ನು ಎದೆಯತ್ತ ತಂದು ಲೆನ್ಸಿನ ಮೇಲ್ಭಾಗದಿಂದ ನೋಡಿ, ಕಂಬಿ ಹಿಡಿದುಕೊಳ್ಳಿ. ಬೆಳಗ್ಗೆ ಎದ್ದೊಡನೆ ಹಾಕಿಕೊಳ್ಳಿ, ನಡುನಡುವೆ ಹಳೆಯದಕ್ಕೆ ಮರಳಬೇಡಿ. ರೂಢಿಯಾಗುವ ತನಕ ಸ್ಕೂಟರ್ ಓಡಿಸಬೇಡಿ. ಹೆಚ್ಚಿನವರಿಗೆ 2 ವಾರದೊಳಗೆ ಸರಿಹೋಗುತ್ತದೆ.

ಆದರೆ “ಅಭ್ಯಾಸವಾಗುತ್ತದೆ” ಎಂಬ ಮಾತು ಅಳತೆಯ ತಪ್ಪನ್ನು ಮುಚ್ಚಿಹಾಕಬಾರದು. 2 ವಾರ ಕಳೆದರೂ ತಲೆಸುತ್ತು, ಕತ್ತುನೋವು ಉಳಿದರೆ ಕನ್ನಡಕದಂಗಡಿಗೆ ಮರಳಿ ಹೋಗಿ. ಲೆನ್ಸ್ ಪಾಪೆಯ ನೇರಕ್ಕೆ ಕುಳಿತಿದೆಯೇ, ಫ್ರೇಮ್ ಮೂಗಿನಿಂದ ಜಾರುತ್ತಿದೆಯೇ, ಪವರ್ ಸರಿಯಿದೆಯೇ ಎಂದು ಪರೀಕ್ಷಿಸಲು ಹೇಳಿ. ಒಂದೆರಡು ಮಿಲಿಮೀಟರ್ ತಪ್ಪಿದರೂ ತೊಂದರೆಯಾಗಬಹುದು. ನಮ್ಮ ಮನೆಗಳಲ್ಲಿ ತಾಯಂದಿರು “ಮಗ ಅಷ್ಟು ದುಡ್ಡು ಕೊಟ್ಟಿದ್ದಾನೆ” ಎಂದು ಸುಮ್ಮನಿರುತ್ತಾರೆ. ಅವರನ್ನು ಮಕ್ಕಳೇ ಕೇಳಬೇಕು, ಜೊತೆಗೆ ಹೋಗಬೇಕು.

ಇಳಿವಯಸ್ಸಿನವರು ಹೊರಗೆ ನಡೆಯಲು ದೂರದೃಷ್ಟಿಗಷ್ಟೇ ಇರುವ ಬೇರೆ ಕನ್ನಡಕ ಇಟ್ಟುಕೊಳ್ಳುವುದು ಕ್ಷೇಮ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಅದರ ಕಷ್ಟ ದೊಡ್ಡದು. ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ, ಕಣ್ಣು ನೋಯುತ್ತಿದ್ದರೆ ಅಥವಾ ಮಿಂಚು ಹೊಡೆದಂತಾದರೆ ಕನ್ನಡಕವನ್ನು ದೂರುತ್ತಾ ಕೂರಬೇಡಿ. ಅದೇ ದಿನ ನೇತ್ರತಜ್ಞರನ್ನು ಕಾಣಿ.

ಆ ಹಿರಿಯರಿಗೆ ನಾನು ಸುರ್ಮಾ ಕೊಡಲಿಲ್ಲ. ಅವರ ಫ್ರೇಮ್ ಮೂಗಿನ ತುದಿಗೆ ಜಾರಿತ್ತು, ಅಂಗಡಿಗೆ ಕಳಿಸಿದೆ. ಮುಂದಿನ ತಿಂಗಳು ಅದೇ ಕನ್ನಡಕದಲ್ಲಿ ನನ್ನ ಚೀಟಿಯನ್ನು ಅವರೇ ಓದಿದರು.