ಮರಿನಾಯಿಗೆ ಎಂಥ ಹಾಸಿಗೆ ಬೇಕು? ‘ಆರ್ಥೋಪೆಡಿಕ್’ ಚೀಟಿಯಿಂದ ಹಳೆಯ ಗೋಣಿಚೀಲದವರೆಗೆ

ಮನೆಗೆ ನಾಯಿಮರಿ ಬರುತ್ತದೆ ಎಂದು ಗೊತ್ತಾದ ದಿನವೇ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಲಹೆಗಳು ಶುರುವಾಗುತ್ತವೆ. ‘ಮೆಮೊರಿ ಫೋಮ್ ಹಾಸಿಗೆ ತಗೊಳ್ಳಿ, ಇಲ್ಲದಿದ್ದರೆ ಸೊಂಟದ ಮೂಳೆ ಹಾಳಾಗುತ್ತೆ’ ಎಂದು ಒಬ್ಬರು. ‘ನಾಯಿಗೆ ಎಂಥ ಹಾಸಿಗೆ, ಒಂದು ಗೋಣಿಚೀಲ ಸಾಕು’ ಎಂದು ಇನ್ನೊಬ್ಬರು. ‘ನಮ್ಮ ಮನೆ ನಾಯಿಯ ಹಾಸಿಗೆ ಇದೆ, ಹೊಸದು ಯಾಕೆ, ಕಳಿಸಿಕೊಡ್ತೀವಿ’ ಎಂದು ಮತ್ತೊಬ್ಬರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮೂರು ಸಲಹೆಗಳಲ್ಲಿ ಒಂದು ಮರಿಯ ಜೀವಕ್ಕೇ ಅಪಾಯ ತರಬಲ್ಲದು. ಅದು ಗೋಣಿಚೀಲದ ಸಲಹೆ ಅಲ್ಲ. ಯಾವುದು, ಏಕೆ ಎಂದು ಒಂದೊಂದಾಗಿ ನೋಡೋಣ.

ಮರಿಗೆ ನಿಜವಾಗಿ ಬೇಕಾಗಿರುವುದು ಏನು?

ಎರಡು ತಿಂಗಳ ಮರಿ ದಿನದ 24 ಗಂಟೆಗಳಲ್ಲಿ ಸುಮಾರು 18 ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ. ಬೆಳವಣಿಗೆಯ ಬಹುಪಾಲು ಕೆಲಸ ನಡೆಯುವುದು ಈ ನಿದ್ದೆಯಲ್ಲಿ. ಹಾಗಾಗಿ ಮಲಗುವ ಜಾಗ ಅದಕ್ಕೆ ಐಷಾರಾಮವಲ್ಲ, ಅಗತ್ಯ.

ಎರಡನೆಯ ವಿಷಯ ದೇಹದ ಶಾಖ. ಹುಟ್ಟಿದ ಮೊದಲ ಕೆಲವು ವಾರ ಮರಿಗೆ ತನ್ನ ದೇಹದ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯ ಹೊಟ್ಟೆಗೆ ಅಂಟಿಕೊಂಡು, ಒಡಹುಟ್ಟಿದವರ ಮೇಲೆ ಬಿದ್ದುಕೊಂಡು ಬೆಚ್ಚಗಿರುತ್ತದೆ. ಎರಡು ತಿಂಗಳ ಹೊತ್ತಿಗೆ ಈ ಶಕ್ತಿ ಬಂದಿರುತ್ತದೆ, ಆದರೆ ದೇಹ ಚಿಕ್ಕದಾದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಟೈಲ್ಸ್ ಅಥವಾ ಗ್ರಾನೈಟ್ ನೆಲ ಈ ಶಾಖವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಹಾಸಿಗೆಯ ಮೊದಲ ಕೆಲಸ ನೆಲಕ್ಕೂ ಮರಿಗೂ ನಡುವೆ ಒಂದು ತಡೆಯಾಗಿ ನಿಲ್ಲುವುದು. ಅದಕ್ಕೆ ನಾಲ್ಕು ಮಡಿಕೆಯ ಹಳೆಯ ಹತ್ತಿ ಸೀರೆಯೂ ಸಾಕು, ಕೌದಿಯೂ ಸಾಕು.

ನಮ್ಮ ದೇಶದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ‘ಚಿಕ್ಕದಿದ್ದಾಗಲೇ ತಂದರೆ ಬೇಗ ಹೊಂದಿಕೊಳ್ಳುತ್ತೆ’ ಎಂದು ಯಾರಾದರೂ ನಾಲ್ಕು ವಾರದ ಮರಿ ಕೊಡಲು ಬಂದರೆ ಒಪ್ಪಬೇಡಿ. ತಾಯಿಯ ಜಾಗವನ್ನು ಯಾವ ಹಾಸಿಗೆಯೂ ತುಂಬುವುದಿಲ್ಲ.

ಹಳೆಯ ಹಾಸಿಗೆಯಲ್ಲಿ ಅಡಗಿರುವ ಅಪಾಯ

ಆರಂಭದಲ್ಲಿ ಹೇಳಿದ ಅಪಾಯಕಾರಿ ಸಲಹೆ ಇದೇ: ಬೇರೆ ನಾಯಿ ಬಳಸಿದ ಹಾಸಿಗೆಯನ್ನು ಮರಿಗೆ ಕೊಡುವುದು.

ಕಾರಣ ಪಾರ್ವೊ ವೈರಸ್. 1978ರ ಸುಮಾರಿಗೆ ಜಗತ್ತಿನ ಗಮನಕ್ಕೆ ಬಂದ ಈ ರೋಗ ಈಗಲೂ ಮರಿಗಳನ್ನು ಅತಿ ಹೆಚ್ಚು ಕೊಲ್ಲುವ ರೋಗಗಳಲ್ಲಿ ಒಂದು. ಮರಿ ಊಟ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ, ನಂತರ ಕೆಟ್ಟ ವಾಸನೆಯ ರಕ್ತಭೇದಿ ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುತೇಕ ಮರಿಗಳು ಉಳಿಯುವುದಿಲ್ಲ.

ಈ ವೈರಸ್ ಸೋಂಕಿತ ನಾಯಿಯ ಮಲದಲ್ಲಿ ಹೊರಬರುತ್ತದೆ. ಆ ನಾಯಿ ಹೋದ ಮೇಲೂ ಬಟ್ಟೆ, ನೆಲ, ಊಟದ ತಟ್ಟೆಗಳಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ‘ಸೋಪಿನಲ್ಲಿ ಚೆನ್ನಾಗಿ ತೊಳೆದಿದ್ದೀವಲ್ಲ’ ಎಂದು ನೀವು ಕೇಳಬಹುದು. ಕೊರೊನಾ ಕಾಲದಲ್ಲಿ ಸೋಪು ವೈರಸ್ಸನ್ನು ಕೊಲ್ಲುತ್ತದೆ ಎಂದು ನಾವೆಲ್ಲ ಕಲಿತೆವು. ಅದು ಸರಿಯೇ. ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಒಂದು ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ. ಪಾರ್ವೊ ವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಒಡೆಯಲು ಏನೂ ಇಲ್ಲದ ಕಡೆ ಸೋಪು ಏನು ಮಾಡೀತು? ಸ್ಪಿರಿಟ್, ಮನೆಯ ಫಿನಾಯಿಲ್ ಕೂಡ ನಂಬುವಂಥವಲ್ಲ.

ಇದರ ವಿರುದ್ಧ ಕೆಲಸ ಮಾಡುವ, ಸುಲಭವಾಗಿ ಸಿಗುವ ವಸ್ತು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಒಂದು ಪಾಲು ಮನೆಬಳಕೆಯ ಬ್ಲೀಚಿಗೆ 30 ಪಾಲು ನೀರು ಬೆರೆಸಿ, ಮೊದಲು ಕೊಳೆ ತೆಗೆದು, ನಂತರ 10 ನಿಮಿಷ ನೆನೆಯಲು ಬಿಡಬೇಕು. ನೆಲಕ್ಕೆ, ಪ್ಲಾಸ್ಟಿಕ್ ಬುಟ್ಟಿಗೆ, ಸ್ಟೀಲ್ ತಟ್ಟೆಗೆ ಇದು ಸರಿ. ಫೋಮ್ ತುಂಬಿದ ಹಾಸಿಗೆಯ ಒಳಗಿನವರೆಗೆ ಇದು ತಲುಪುತ್ತದೆ ಎಂಬ ಖಾತರಿ ಇಲ್ಲ. ಬ್ಲೀಚಿಗೆ ಆಸಿಡ್ ಅಥವಾ ಬೇರೆ ಕ್ಲೀನರ್ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಹಾಗಾಗಿ ನಿಮ್ಮ ಮನೆಯಲ್ಲೇ ಹಿಂದಿನ ಮರಿ ಭೇದಿಯಿಂದ ಸತ್ತಿದ್ದರೆ ಅದರ ಹಾಸಿಗೆ, ಬಟ್ಟೆ, ಆಟಿಕೆಗಳನ್ನು ನೆನಪಿಗೆಂದು ಇಟ್ಟುಕೊಂಡು ಹೊಸ ಮರಿಗೆ ಕೊಡಬೇಡಿ. ಎಸೆಯಲು ಮನಸ್ಸು ಬಾರದಿರಬಹುದು. ಆದರೂ ಹೊಸ ಮರಿಯ ಒಳ್ಳೆಯದಕ್ಕೆ ಇದು ಬೇಕು. ಹೊಸ ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುಮಾಡಿ, ವೈದ್ಯರು ಹೇಳಿದ ಅಂತರದಲ್ಲಿ 16 ವಾರದವರೆಗೆ ಮುಂದುವರಿಸಬೇಕು. ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದರೆ ರಕ್ಷಣೆ ಪೂರ್ತಿ ಆಗುವುದಿಲ್ಲ.

‘ಆರ್ಥೋಪೆಡಿಕ್’ ಎಂದು ಬರೆದಿದ್ದರೆ ಮೂಳೆ ಗಟ್ಟಿಯಾಗುತ್ತದೆಯೇ?

ಇಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಕಾಣುವ ಸೊಂಟದ ಕೀಲಿನ ದೋಷಕ್ಕೆ ಮುಖ್ಯ ಕಾರಣ ವಂಶವಾಹಿ. ಜೊತೆಗೆ ಮರಿಯನ್ನು ಬೇಗ ಬೇಗ ದಪ್ಪ ಮಾಡುವುದು ತೊಂದರೆಯನ್ನು ಹೆಚ್ಚಿಸುತ್ತದೆ. ನಾರ್ವೆಯಲ್ಲಿ ದೊಡ್ಡ ತಳಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ದೋಷ ಹೆಚ್ಚು ಕಂಡಿತು. ಮಣ್ಣಿನ ಮೆತ್ತನೆ ನೆಲದಲ್ಲಿ ಸ್ವತಂತ್ರವಾಗಿ ಓಡಾಡಿದ ಮರಿಗಳಲ್ಲಿ ಕಡಿಮೆ ಕಂಡಿತು. ಹಾಸಿಗೆಗೆ ಸುರಿಯುವ ಹಣಕ್ಕಿಂತ ಊಟದ ಅಳತೆ ಮತ್ತು ಓಡಾಡುವ ನೆಲದ ಬಗ್ಗೆ ಯೋಚಿಸುವುದು ಹೆಚ್ಚು ಲಾಭ.

ದಪ್ಪ ಫೋಮಿನ ಹಾಸಿಗೆ ನಿಜವಾಗಿ ನೆರವಾಗುವುದು ವಯಸ್ಸಾದ, ಕೀಲುನೋವಿರುವ ನಾಯಿಗೆ. ಮೈಮೇಲೆ ಮಾಂಸ ಕಡಿಮೆ ಇರುವ ತಳಿಗಳಿಗೂ ಮೆತ್ತನೆ ಹಾಸು ಬೇಕು. ನಮ್ಮದೇ ಮುಧೋಳ ನಾಯಿ ಇದಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ಬೇಟೆನಾಯಿಯ ಮೈ ತೆಳು, ಕೂದಲು ಗಿಡ್ಡ, ಮೂಳೆಗಳು ಎದ್ದು ಕಾಣುತ್ತವೆ. ಇಂಥ ನಾಯಿ ಸದಾ ಗಟ್ಟಿ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ಭಾಗದಲ್ಲಿ ಚರ್ಮ ದಡ್ಡುಗಟ್ಟುತ್ತದೆ, ಕೆಲವೊಮ್ಮೆ ನೀರು ತುಂಬಿ ಊದಿಕೊಳ್ಳುತ್ತದೆ.

ಹಲ್ಲು ಬರುವ ಕಾಲ ಮತ್ತು ದುಬಾರಿ ಹಾಸಿಗೆ

ಮರಿಗೆ 28 ಹಾಲುಹಲ್ಲುಗಳಿರುತ್ತವೆ. ಮೂರ‍್ನಾಲ್ಕು ತಿಂಗಳಿಗೆ ಅವು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಕಾಯಂ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ಒಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಅಗಿಯುವುದು ಸಹಜ. ಅದು ಹಟವಲ್ಲ, ದುರ್ಬುದ್ಧಿಯೂ ಅಲ್ಲ.

ತೊಂದರೆ ಇರುವುದು ಅಗಿದದ್ದನ್ನು ನುಂಗಿದಾಗ. ಫೋಮಿನ ತುಂಡು, ಗುಂಡಿ, ಜಿಪ್ಪಿನ ತುದಿ, ರಟ್ಟಿನ ಪೆಟ್ಟಿಗೆಯ ಪಿನ್ನು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಉದ್ದನೆಯ ದಾರ ಇನ್ನೂ ಅಪಾಯ, ಅದು ಕರುಳನ್ನು ನೆರಿಗೆಯಂತೆ ಸುತ್ತಿ ಕೊಯ್ಯಬಲ್ಲದು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ನರಳುವುದು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರ ಬಳಿ ಓಡಬೇಕು. ಬಾಯಿ ಅಥವಾ ಗುದದ್ವಾರದಲ್ಲಿ ದಾರ ಇಣುಕುತ್ತಿದ್ದರೆ ನೀವೇ ಎಳೆಯಬೇಡಿ.

ಆದ್ದರಿಂದ ಹಲ್ಲು ಬದಲಾಗುವವರೆಗೆ ಸಾದಾ ಹಾಸು ಸಾಕು. ಹೊಲಿಗೆ ಬಿಚ್ಚಿರದ ಹತ್ತಿಬಟ್ಟೆ, ಗುಂಡಿ ಮತ್ತು ಕುಚ್ಚು ಇಲ್ಲದ ಕವರ್ ಇರಲಿ. ಗೋಣಿಚೀಲ ಹಾಕುವುದಾದರೆ ಗೊಬ್ಬರ, ಕೀಟನಾಶಕ ತುಂಬಿದ್ದ ಚೀಲ ಬೇಡ. ನಾರು ಬಿಚ್ಚದಂತೆ ಮೇಲೊಂದು ಬಟ್ಟೆ ಹೊಲಿಯಿರಿ.

ಅಳತೆ ಎಷ್ಟು, ಜಾಗ ಎಲ್ಲಿ?

ಮರಿ ಮೈಚಾಚಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ. ಅದಕ್ಕೆ ಒಂದು ಗೇಣು ಸೇರಿಸಿದರೆ ಹಾಸಿಗೆಯ ಉದ್ದ ಸಿಗುತ್ತದೆ. ‘ಹೇಗೂ ಬೆಳೆಯುತ್ತೆ’ ಎಂದು ಮೊದಲೇ ದೊಡ್ಡ ಹಾಸಿಗೆ ತಂದರೆ ಮರಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯಬಹುದು. ತಾನು ಮಲಗುವ ಜಾಗವನ್ನು ಸ್ವಚ್ಛವಾಗಿಟ್ಟುಕೊಳ್ಳುವ ಸ್ವಭಾವ ನಾಯಿಗೆ ಇದೆ, ಹಾಸಿಗೆ ಅಳತೆಗೆ ತಕ್ಕಂತಿದ್ದರೆ ಅದು ತರಬೇತಿಗೆ ನೆರವಾಗುತ್ತದೆ. ಆದರೆ ಎರಡು ತಿಂಗಳ ಮರಿ ಸುಮಾರು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ರಾತ್ರಿ ಒಂದೆರಡು ಬಾರಿ ಎದ್ದು ಹೊರಗೆ ಕರೆದುಕೊಂಡು ಹೋಗಲೇಬೇಕು. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಹೊಡೆದರೆ ಮರಿ ಕಲಿಯುವುದು ನಿಮ್ಮನ್ನು ಕಂಡು ಹೆದರುವುದನ್ನು ಮಾತ್ರ.

ಇನ್ನು ಜಾಗ. ‘ಮೊದಲ ರಾತ್ರಿ ಬಾಲ್ಕನಿಯಲ್ಲಿ ಬಿಡಿ, ಅತ್ತು ಅತ್ತು ಅಭ್ಯಾಸ ಆಗುತ್ತೆ’ ಎಂಬ ಸಲಹೆ ಬಹಳ ಕೇಳಿಬರುತ್ತದೆ. ನಿನ್ನೆಯವರೆಗೆ ಒಡಹುಟ್ಟಿದವರ ಮೈಗೆ ಅಂಟಿಕೊಂಡು ಮಲಗಿದ ಮರಿ ಇಂದು ಹೊಸ ವಾಸನೆಗಳ ನಡುವೆ ಒಂಟಿ. ಅದು ಅಳುವುದು ಭಯದಿಂದ. ಮೊದಲ ಕೆಲವು ರಾತ್ರಿ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕ ನೆಲದ ಮೇಲಿಡಿ. ಮರಿ ಧೈರ್ಯಗೊಂಡ ಮೇಲೆ ದಿನಕ್ಕಷ್ಟು ದೂರ ಸರಿಸಬಹುದು. ತಾಯಿಯ ವಾಸನೆ ಇರುವ ಬಟ್ಟೆಯ ತುಂಡು ಸಿಕ್ಕರೆ ತನ್ನಿ, ಆದರೆ ಆ ಮನೆಯ ನಾಯಿಗಳೆಲ್ಲ ಆರೋಗ್ಯವಾಗಿದ್ದು ಲಸಿಕೆ ಪಡೆದಿದ್ದರೆ ಮಾತ್ರ. ಮರಿಯನ್ನು ಮಂಚದ ಮೇಲೆ ಮಲಗಿಸಬೇಡಿ. ಚಿಕ್ಕ ತಳಿಯ ಮರಿಗಳು ಅಲ್ಲಿಂದ ಹಾರಿ ಮುಂಗಾಲು ಮುರಿದುಕೊಳ್ಳುವುದುಂಟು.

ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿ ಕಡೆ ಮರಿ ಹಾಸಿಗೆ ಬಿಟ್ಟು ಬರಿನೆಲದ ಮೇಲೆ ಮಲಗಿದರೆ ಎತ್ತಿ ಹಾಸಿಗೆಗೆ ಹಾಕಬೇಡಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದು ಮತ್ತು ತಂಪು ನೆಲಕ್ಕೆ ಹೊಟ್ಟೆ ತಾಗಿಸುವುದೇ ಅದರ ಉಪಾಯ. ಅದರ ಮೈ ಮುಟ್ಟಿದರೆ ಬಿಸಿ ಎನಿಸುವುದೂ ಸಹಜ, ನಾಯಿಯ ಸಾಮಾನ್ಯ ಉಷ್ಣತೆಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚಿಂತೆ ಬೇರೆ: ಒಣಗದ ದಪ್ಪ ಹಾಸಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ. ಅಲ್ಲಿ ಎರಡು ತೆಳು ಹಾಸುಗಳಿದ್ದು ಒಂದು ಒಣಗುವಾಗ ಇನ್ನೊಂದು ಬಳಸುವುದು ಜಾಣತನ.

ಚಿಗಟ, ಉಣ್ಣೆ ಮತ್ತು ಬೇವಿನ ಸೊಪ್ಪು

‘ಹಾಸಿಗೆಯ ಕೆಳಗೆ ಬೇವಿನ ಸೊಪ್ಪು ಹಾಕಿದರೆ ಉಣ್ಣೆ ಬರುವುದಿಲ್ಲ’ ಎಂಬ ಮಾತನ್ನು ನಂಬಿ ಕೂರಬೇಡಿ. ಚಿಗಟ ನಾಯಿಯ ಮೈಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಗಳು ಉದುರಿ ಹಾಸಿಗೆಗೆ ಬೀಳುತ್ತವೆ. ನಾವು ಕಾಣುವ ಚಿಗಟಗಳಿಗಿಂತ ಎಷ್ಟೋ ಹೆಚ್ಚು ಪಾಲು ಹಾಸಿಗೆ, ನೆಲದಲ್ಲಿ ಅಡಗಿರುತ್ತದೆ. ನಾಯಿ ಉಣ್ಣೆಯ ಕಥೆ ಇನ್ನೊಂದು ಬಗೆ. ಅದು ರಕ್ತ ಕುಡಿದು ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಎರ್ಲಿಕಿಯಾ, ಬೆಬೀಸಿಯಾದಂಥ ಜ್ವರಗಳನ್ನು ನಾಯಿಗೆ ಹರಡುವುದು ಇದೇ ಉಣ್ಣೆ.

ವಾರಕ್ಕೊಮ್ಮೆ ಹಾಸನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಸುತ್ತಲಿನ ಬಿರುಕು ಮುಚ್ಚಿಸಿ. ಮೈಗೆ ಹಚ್ಚುವ ಔಷಧಿಯನ್ನು ಮರಿಯ ವಯಸ್ಸು ಮತ್ತು ತೂಕ ನೋಡಿ ವೈದ್ಯರೇ ಹೇಳಬೇಕು. ಹೊಲದ ಕೀಟನಾಶಕ, ನುಸಿಗುಳಿಗೆ ಹಾಸಿಗೆಯ ಹತ್ತಿರವೂ ಬೇಡ. ನ್ಯಾಫ್ತಲಿನ್ ಗುಳಿಗೆ ನುಂಗಿದರೆ ಮರಿಯ ಕೆಂಪು ರಕ್ತಕಣಗಳೇ ಒಡೆಯುತ್ತವೆ.

ನಾಯಿಕೂದಲು ಹೊಟ್ಟೆಗೆ ಹೋದರೆ ರೋಗವೇ?

ಹಾಸಿಗೆ ಮನೆಯೊಳಗೆ ಬೇಡ ಎನ್ನಲು ಅಜ್ಜಿಯರು ಹೇಳುವ ಕಾರಣ ಇದು. ಕೂದಲು ತಾನಾಗಿ ವಿಷವಲ್ಲ. ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಆದರೆ ಅಜ್ಜಿಯ ಆತಂಕದಲ್ಲಿ ಸತ್ಯದ ಒಂದು ಎಳೆ ಇದೆ. ಮರಿಗಳ ಹೊಟ್ಟೆಯಲ್ಲಿ ದುಂಡುಹುಳು ಸಾಮಾನ್ಯ, ಅದರ ಮೊಟ್ಟೆ ಮಲದ ಮೂಲಕ ಮಣ್ಣಿಗೆ ಸೇರಿ, ಕೆಲವು ವಾರಗಳ ನಂತರ ಮಕ್ಕಳ ಬಾಯಿಗೆ ಹೋದರೆ ಕಾಯಿಲೆ ತರಬಹುದು. ಪರಿಹಾರ ಮರಿಯನ್ನು ಹೊರಗೆ ಹಾಕುವುದಲ್ಲ. ಮರಿಗೆ ಸಮಯಕ್ಕೆ ಸರಿಯಾಗಿ ಜಂತುಹುಳದ ಔಷಧಿ, ಅಂದಂದಿನ ಮಲ ಅಂದೇ ವಿಲೇವಾರಿ, ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯುವುದು. ಇಷ್ಟು ಮಾಡಿದರೆ ಹಾಸಿಗೆ ಮನೆಯೊಳಗೇ ಇರಬಹುದು.

ಹಂಚಿಕೊಳ್ಳುವುದಿದ್ದರೆ ಇದನ್ನು ಹಂಚಿಕೊಳ್ಳಿ

- ಬೇರೆ ನಾಯಿ ಬಳಸಿದ ಫೋಮ್ ಹಾಸಿಗೆ ಮರಿಗೆ ಬೇಡ.
- ಒಗೆದು ಒಣಗಿಸಬಹುದಾದ ಎರಡು ಹತ್ತಿ ಹಾಸು ಸಾಕು.
- ಗುಂಡಿ, ಕುಚ್ಚು, ಬಿಚ್ಚಿದ ದಾರ, ಪಿನ್ನು ಇರಬಾರದು.
- ಮೂಗಿನಿಂದ ಬಾಲದ ಬುಡದವರೆಗೆ, ಜೊತೆಗೆ ಒಂದು ಗೇಣು.
- ಮೊದಲ ರಾತ್ರಿಗಳಲ್ಲಿ ಹಾಸಿಗೆ ನಿಮ್ಮ ಪಕ್ಕದಲ್ಲಿರಲಿ.
- ದುಬಾರಿ ಹಾಸಿಗೆಯ ಆಸೆ ಇದ್ದರೆ ಏಳು ತಿಂಗಳು ಕಾಯಿರಿ.

ಹಾಸಿಗೆಯಲ್ಲಿ ಉಳಿಸಿದ ಹಣಕ್ಕೆ ಒಳ್ಳೆಯ ದಾರಿಯೂ ಇದೆ: ಮರಿಯ ಲಸಿಕೆಯ ಪುಸ್ತಕದಲ್ಲಿ ಮುಂದಿನ ತಾರೀಕು ಯಾವುದು ಎಂದು ಇವತ್ತೇ ನೋಡಿ.