ಅಸ್ಥಿಮಜ್ಜೆ ಕೊಟ್ಟವರ ಹಕ್ಕೊತ್ತಾಯ ಪತ್ರ

ಕೇಂದ್ರ ಆರೋಗ್ಯ ಸಚಿವರಿಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಹಾಗೂ ಎಲ್ಲ ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರಿಗೆ,

ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಕೆಲವೇ ವಾರಗಳಲ್ಲಿ ಆಳನ್ನು ಹಾಸಿಗೆ ಹಿಡಿಸುವ ರಕ್ತ ಕ್ಯಾನ್ಸರ್. ಏಳು ದಿನ ಸೈಟರಾಬಿನ್, ಮೂರು ದಿನ ಡೌನೋರುಬಿಸಿನ್ ಕೊಡುವ 1970ರ ದಶಕದ ಪದ್ಧತಿಯೇ ಇಂದಿಗೂ ಇದರ ಚಿಕಿತ್ಸೆಯ ಬುನಾದಿ. ಆದ್ದರಿಂದ ಸಂಶೋಧನೆ ಇನ್ನೂ ಹೆಚ್ಚಾಗಿ, ನ್ಯಾಯವಾಗಿ ನಡೆಯಬೇಕೆಂದು ರೋಗಿಗಳೂ ಮನೆಯವರೂ ಆದ ನಾವು ಒತ್ತಾಯಿಸುತ್ತೇವೆ.

1. ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಇಳಿಸುವ ಹೊತ್ತಿಗೆ ಇಂಗ್ಲಿಷ್ ಕಾಗದ ಮುಂದೆ ಹಿಡಿದು ಸಹಿ ಹಾಕಿಸಿಕೊಳ್ಳುವುದು ನಿಲ್ಲಬೇಕು. ರೋಗಿಯ ಭಾಷೆಯಲ್ಲೇ ವಿವರಿಸಿ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ. ತಪಾಸಣೆಗೆ ಎಷ್ಟು ಮಜ್ಜೆ, ಸಂಶೋಧನೆಗೆ ಎಷ್ಟು ಎಂಬುದು ಬೇರೆ ಬೇರೆಯಾಗಿ ತಿಳಿಯಬೇಕು. ಒಲ್ಲೆ ಎಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಕೂಡದು. ಏಳು ವರ್ಷ ದಾಟಿದ ಮಕ್ಕಳ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ ಮಂಡಳಿಯ 2017ರ ಮಾರ್ಗಸೂಚಿ. ಅದು ವಾರ್ಡಿನಲ್ಲೂ ಜಾರಿಯಾಗಲಿ.

2. ಮಜ್ಜೆಯ ಮಾದರಿಯಿಂದ ಲಾಭ ಮಾಡುವ ಉದ್ದೇಶವಿದ್ದರೆ ಮೊದಲೇ ಹೇಳಬೇಕು. ಅಮೆರಿಕದಲ್ಲಿ ಜಾನ್ ಮೂರ್ ಎಂಬ ಲುಕೇಮಿಯಾ ರೋಗಿಯ ಜೀವಕೋಶಗಳಿಂದ ಬೆಳೆಸಿದ ಕೋಶಸಂತತಿಗೆ ಅವರಿಗೆ ತಿಳಿಸದೆಯೇ ಪೇಟೆಂಟ್ ಪಡೆಯಲಾಯಿತು. ತೆಗೆದ ಜೀವಕೋಶಗಳ ಒಡೆತನ ರೋಗಿಗಿಲ್ಲ, ಆದರೆ ವೈದ್ಯರು ತಮ್ಮ ಹಿತಾಸಕ್ತಿಯನ್ನು ತಿಳಿಸಲೇಬೇಕಿತ್ತು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪಿತ್ತಿತು. ನಮಗೆ ಅಷ್ಟು ಸಾಲದು. ನಮ್ಮ ಮಾದರಿಗಳಿಂದ ಹುಟ್ಟಿದ ಔಷಧ ಇಲ್ಲಿನ ಸರ್ಕಾರಿ ಆಸ್ಪತ್ರೆಯ ರೋಗಿಗೂ ಎಟುಕಬೇಕು.

3. ಮಾದರಿಯ ಸೀಸೆಯ ಮೇಲೆ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಕೊಟ್ಟ ಒಪ್ಪಿಗೆ ಹಿಂಪಡೆಯುವ ಹಕ್ಕಿರಲಿ.

4. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ರೋಗಿಗಳ ಕ್ಯಾನ್ಸರ್ ಕೋಶಗಳು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳ ಮೈಯಲ್ಲಿ ಬೆಳೆಯುತ್ತವೆ ಎಂದು ಟೊರೊಂಟೊದ ವಿಜ್ಞಾನಿಗಳು 1994ರಲ್ಲಿ ತೋರಿಸಿದರು. ಅಂದಿನಿಂದ ನಮ್ಮ ಕಾಯಿಲೆಯನ್ನು ಇಲಿಗಳೂ ಹೊತ್ತಿವೆ. ರೋಗ ಬಲಿತ ಇಲಿಯ ಬೆನ್ನು ಗೂನಾಗುತ್ತದೆ, ರೋಮ ಕೆದರುತ್ತದೆ, ತೂಕ ಇಳಿಯುತ್ತದೆ. ಕೆಲವು ಇಲಿಗಳು ಹಿಂಗಾಲು ಎಳೆಯುತ್ತವೆ. ಇಂಥ ಇಲಿ ತಾನಾಗಿ ಸಾಯಲಿ ಎಂದು ಕಾಯಕೂಡದು. ಯಾವ ಲಕ್ಷಣ ಕಂಡರೆ ನೋವಿಲ್ಲದಂತೆ ಕೊನೆಗಾಣಿಸಬೇಕೆಂದು ಪ್ರಯೋಗಕ್ಕೆ ಮುನ್ನವೇ ಬರೆದಿಡಿ. ಭಾನುವಾರವೂ ಹಬ್ಬದ ದಿನವೂ ಪಂಜರ ನೋಡುವವರೊಬ್ಬರು ಇರಲಿ.

5. ಗಾಜಿನ ತಟ್ಟೆಯಲ್ಲೇ ಉತ್ತರ ಸಿಗುವ ಪ್ರಶ್ನೆಗೆ ಇಲಿ ಬಳಸಬೇಡಿ. ವಿಫಲವಾದ ಪ್ರಯೋಗಗಳನ್ನೂ ಪ್ರಕಟಿಸಿ. ಮುಚ್ಚಿಟ್ಟರೆ ಇನ್ನೊಂದು ಲ್ಯಾಬಿನಲ್ಲಿ ಅದೇ ತಪ್ಪಿಗೆ ಮತ್ತಷ್ಟು ಪ್ರಾಣಿಗಳು ಬಲಿಯಾಗುತ್ತವೆ.

6. ಮಾದರಿ ಕೊಟ್ಟವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ, ಏನು ತಿಳಿದುಬಂತೆಂದು ಒಂದು ಪುಟ ಬರೆದು ಕಳುಹಿಸಿ.

ಈ ಬೇಡಿಕೆಗಳಿಗೆ ಲಿಖಿತ ಉತ್ತರ ಕೊಡಿ. ಮೊದಲನೆಯದಕ್ಕೆ ಹೊಸ ಕಾನೂನು ಬೇಕಿಲ್ಲ, ನಾಳೆಯಿಂದಲೇ ಶುರುಮಾಡಿ.