ಪಾಳೆಂದು ಕರೆದ ನೆಲದಲ್ಲಿಯೂ ಜೀವವಿದೆ

ವಿದ್ಯಾಲಯದ ಆವರಣವೆಂದೊಡನೆ ನಮ್ಮ ಕಣ್ಣೆದುರಿಗೆ ಸಾಲುಮರಗಳು, ಸಮನಾಗಿ ಕತ್ತರಿಸಿದ ಹುಲ್ಲುಹಾಸು, ಬಣ್ಣಬಣ್ಣದ ಹೂಗಿಡಗಳು ಬಂದು ನಿಲ್ಲುತ್ತವೆ. ವಿಶ್ವ ಪರಿಸರ ದಿನವಾದ ಜೂನ್ 5ರಂದು ಅತಿಥಿಗಳನ್ನು ಕರೆದು ಸಸಿ ನೆಡಿಸುವುದು ಕಾಲೇಜುಗಳಲ್ಲಿ ವಾಡಿಕೆಯಾಗಿದೆ. ಕಾರ್ಯ ಒಳ್ಳೆಯದೇ. ಆದರೆ ಸಸಿ ನೆಡುವ ಮುನ್ನ ಆ ನೆಲದಲ್ಲಿ ಮೊದಲೇ ಯಾವ ಜೀವಗಳು ನೆಲೆಸಿವೆ ಎಂದು ವಿಚಾರಿಸುವವರು ವಿರಳ. ಆ ವಿಚಾರಣೆ ಏಕೆ ಅವಶ್ಯವೆಂಬುದನ್ನು ಉಡುಪಿ ಸೀಮೆಯ ಒಂದು ನಿದರ್ಶನದಿಂದ ತಿಳಿಯೋಣ.

ನಮ್ಮ ಎಷ್ಟೋ ಮನೆಗಳ ಮಕ್ಕಳು ವಿದ್ಯಾಭ್ಯಾಸಕ್ಕೆಂದು ಮಣಿಪಾಲಕ್ಕೆ ಹೋಗಿದ್ದಾರೆ. ತುಳು ಭಾಷೆಯ ‘ಮಣ್ಣ ಪಳ್ಳ’, ಅಂದರೆ ಮಣ್ಣಿನ ಕೆರೆ, ಎಂಬುದರಿಂದ ಆ ಊರಿಗೆ ಈ ಹೆಸರು ಬಂದಿತು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ, 1957ರಲ್ಲಿ ತಾಂತ್ರಿಕ ವಿದ್ಯಾಲಯವನ್ನೂ ಸ್ಥಾಪಿಸಿದಾಗ ಅದು ಬೋಳುಗುಡ್ಡವೆನಿಸಿತ್ತು. ಅಂತಹ ಗುಡ್ಡವು ವಿದ್ಯಾನಗರವಾದುದು ಮಾನವ ಪ್ರಯತ್ನದ ಹಿರಿಮೆಯೇ ಸರಿ. ಆದರೆ ಆ ಬೋಳುಗುಡ್ಡವು ಬರಿದಾಗಿರಲಿಲ್ಲವೆಂಬುದು ನಮಗೆ ತಿಳಿದುಬಂದದ್ದು ತೀರ ತಡವಾಗಿ.

ಕಾಪುವಿನ ಕಡಲಂಚಿನಿಂದ ಕಾರ್ಕಳದ ಕಡೆಗೆ ಒಳನಾಡಿಗೆ ಸಾಗಿದರೆ ಅಲ್ಲಲ್ಲಿ ಮುರಕಲ್ಲಿನ ಬಯಲುಗಳು ಎದುರಾಗುತ್ತವೆ. ಅಲ್ಲಿನವರು ಅವನ್ನು ಪದವು ಎನ್ನುತ್ತಾರೆ. ಮನೆಯ ಗೋಡೆಗೆ ಬಳಸುವ ಕೆಂಪು ಕಲ್ಲು ಇದೇ. ಲಕ್ಷಾಂತರ ವರ್ಷಗಳ ಮಳೆಯು ಶಿಲೆಯ ಸಾರವನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಮಾತ್ರ ಉಳಿದು ಗಟ್ಟಿಯಾದುದರಿಂದ ಮುರಕಲ್ಲು ಉಂಟಾಯಿತು. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲಾಗದಷ್ಟು ಕಾವು. ಆರಿದ್ರಾ ಮಳೆ ಹಿಡಿಯಿತೆಂದರೆ ಅದರ ಕುಳಿಗಳಲ್ಲಿ ನೀರು ನಿಂತು, ಹಿಡಿಯಷ್ಟು ಮಣ್ಣಿನಲ್ಲಿಯೂ ಗರಿಕೆಯಂತಹ ಸಣ್ಣ ಸಸ್ಯಗಳು ಚಿಗುರಿ ಹೂವಾಗುತ್ತವೆ. ಆ ಮಣ್ಣಿನಲ್ಲಿ ಸತ್ವ ಕಡಿಮೆ. ಆದುದರಿಂದಲೇ ಕೆಲವು ಸಸ್ಯಗಳು ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತವೆ. ಡ್ರಾಸಿರಾ ಎಂಬ ಸಸ್ಯವು ಎಲೆಯ ಮೇಲಣ ಅಂಟುಹನಿಗಳಿಂದಲೂ, ಯುಟ್ರಿಕ್ಯುಲೇರಿಯಾ ಎಂಬುದು ನೀರೊಳಗಿನ ಸೂಕ್ಷ್ಮ ಚೀಲಗಳಿಂದಲೂ ತಮ್ಮ ಆಹಾರವನ್ನು ಸಂಪಾದಿಸುತ್ತವೆ. ನಾಲ್ಕು ತಿಂಗಳೊಳಗೆ ಹುಟ್ಟಿ, ಅರಳಿ, ಬೀಜ ಉದುರಿಸಿ ಮರೆಯಾಗುವ ಈ ಸಂಸಾರವು ಬೇಸಿಗೆಯ ರಜೆಯಲ್ಲಿ ನೋಡಿದವನ ಕಣ್ಣಿಗೆ ಬೀಳುವುದೇ ಇಲ್ಲ.

ಇಂತಹ ಮುರಕಲ್ಲು ನೆಲದಲ್ಲಿಯೇ, ಮಣಿಪಾಲದ ಸುತ್ತಮುತ್ತ, ಒಂದು ಹೊಸ ಕಪ್ಪೆಯ ಪ್ರಭೇದವು ಬೆಳಕಿಗೆ ಬಂದಿತು. ಕೆ. ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ. ವಿ. ಗುರುರಾಜ ಮೊದಲಾದ ಸಂಶೋಧಕರು 2016ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಅದರ ಉದ್ದ ಸುಮಾರು 1.6 ಸೆಂಟಿಮೀಟರ್, ಹೆಬ್ಬೆರಳಿನ ಉಗುರಿನ ಮೇಲೆ ಕುಳಿತುಕೊಳ್ಳಬಹುದು. ಮೈ ಬಣ್ಣ ನಸುಗಂದು, ಅದರ ಮೇಲೆ ಕಪ್ಪು ಗುರುತುಗಳು. ಅದರ ಕೂಗು ಜೀರುಂಡೆಯ ದನಿಯಂತಿರುವುದರಿಂದ ಕೇಳಿದವರಿಗೆ ಕಪ್ಪೆಯೆಂದು ತೋಚುವುದಿಲ್ಲ. ಪಾಳುಭೂಮಿಯೆಂದು ಎಣಿಸಲ್ಪಟ್ಟ ಮುರಕಲ್ಲು ನೆಲದ ಕಡೆಗೆ ಜನರ ಗಮನ ಹರಿಯಲೆಂದು ಸಂಶೋಧಕರು ಆ ಕಲ್ಲಿನ ಹೆಸರನ್ನೇ ಸೇರಿಸಿ ಅದನ್ನು ‘ಮೈಕ್ರೊಹೈಲಾ ಲ್ಯಾಟರೈಟ್’ ಎಂದು ಕರೆದರು. ಸಾವಿರಾರು ವಿದ್ಯಾರ್ಥಿಗಳು ಓದುವ ಊರಿನ ಮಗ್ಗುಲಲ್ಲಿಯೇ ಒಂದು ಜೀವಜಾತಿಯು ಹೆಸರಿಲ್ಲದೆ ಬಾಳಿತ್ತೆಂಬುದು ವಿಚಾರ ಮಾಡತಕ್ಕ ಸಂಗತಿ.

ಪಂಚತಂತ್ರದ ಟಿಟ್ಟಿಭದ ಕಥೆಯನ್ನು ನಮ್ಮ ಹಿರಿಯರು ಬಲ್ಲರು. ನೆಲದ ಮೇಲಿಟ್ಟ ತನ್ನ ಮೊಟ್ಟೆಗಳನ್ನು ಸಮುದ್ರವು ಸೆಳೆದೊಯ್ದಾಗ ಆ ಹಕ್ಕಿಯು ಪಕ್ಷಿಕುಲವನ್ನೆಲ್ಲ ಕೂಡಿಸಿ ಗರುಡನಿಗೆ ಮೊರೆಯಿಟ್ಟಿತು. ಟಿಟ್ಟಿಭವು ಇಂದಿಗೂ ಗೂಡು ಕಟ್ಟದೆ ಬಯಲು ನೆಲದಲ್ಲಿಯೇ ಮೊಟ್ಟೆಯಿಡುತ್ತದೆ. ಆ ಬಯಲಿಗೆ ಈಗ ಸಮುದ್ರದ ಭಯವಿಲ್ಲ. ಕಲ್ಲಿನ ಕೋರೆ, ಕಟ್ಟಡದ ಅವಶೇಷಗಳನ್ನು ತಂದು ಸುರಿಯುವ ಲಾರಿ, ನೆಲ ಸಮಮಾಡುವ ಯಂತ್ರ ಇವುಗಳ ಭಯವಿದೆ. ಹಸುರು ಮಾಡುವೆವೆಂಬ ಸದುದ್ದೇಶದಿಂದ ನೆಟ್ಟ ಗಿಡವೂ ಕೆಲವೊಮ್ಮೆ ಕೇಡಾಗುತ್ತದೆ. ಕರಾವಳಿಯ ಗುಡ್ಡಗಳಲ್ಲಿ ಹಬ್ಬಿರುವ ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ. ಅದರ ನೆರಳು ಮತ್ತು ತರಗೆಲೆಗಳ ಅಡಿಯಲ್ಲಿ ಬಿಸಿಲು ಬಯಸುವ ಪದವಿನ ಸಸ್ಯಗಳು ಬಾಳಲಾರವು.

ಅದೇ ನಾಡಿನಲ್ಲಿ ನಾಗಬನಗಳುಂಟು. ಭಯಭಕ್ತಿಯ ಕಾರಣದಿಂದ ಅಲ್ಲಿನ ಗಿಡಬಳ್ಳಿಗಳಿಗೆ ಜನರು ಕತ್ತಿಯಿಡುತ್ತಿರಲಿಲ್ಲ. ಹಲವೆಡೆ ಬನ ಹೋಗಿ ಕಾಂಕ್ರೀಟಿನ ಕಟ್ಟೆ ಬಂದಿದೆಯಾದರೂ, ನೆಲದ ಒಂದು ಪಾಲನ್ನು ಮುಟ್ಟದೆ ಬಿಡಬೇಕೆಂಬ ವಿವೇಕವು ಅಲ್ಲಿ ಹೊಸದಲ್ಲ. ಆ ವಿವೇಕವನ್ನು ವಿದ್ಯಾಲಯಗಳು ಪದವಿಗೂ ಅನ್ವಯಿಸಬೇಕು. ಪದವನ್ನು ಕಾಯಲು ನಾಗನ ಭಯವಿಲ್ಲ. ಅರಿವೇ ಅದನ್ನು ಕಾಯಬೇಕು.

ಮಾಡಬೇಕಾದ ಕಾರ್ಯಗಳು ಕಷ್ಟದವಲ್ಲ. ಪ್ರತಿ ಕಾಲೇಜಿನಲ್ಲಿಯೂ ಒಂದು ದಾಖಲೆಪುಸ್ತಕವಿರಲಿ. ವಿದ್ಯಾರ್ಥಿಗಳು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಆವರಣವನ್ನು ಸುತ್ತಿ, ಕಂಡ ಹುಳು, ಹಕ್ಕಿ, ಕಪ್ಪೆ, ಹೂಗಳನ್ನು ಬರೆದಿಡಲಿ. 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ಪಂಚಾಯಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಗೆ ಇದು ನೆರವಾದೀತು. ಮಳೆನೀರಿನ ಕುಳಿಗಳನ್ನು ಮುಚ್ಚದಿರಲಿ. ಆವರಣದ ಒಂದು ಮೂಲೆಯನ್ನು ಹುಲ್ಲು ಕತ್ತರಿಸದೆ, ಕಲ್ಲು ಕೀಳದೆ ಬಿಡಲಿ. ಮಣ್ಣು ಆಳವಾಗಿರುವಲ್ಲಿ ರೆಂಜೆ, ಮುರುಗಲು, ಹೆಬ್ಬಲಸು ಮೊದಲಾದ ಆ ನೆಲದ ಮರಗಳನ್ನೇ ನೆಡಲಿ. ಇದು ಕರಾವಳಿಗೆ ಮಾತ್ರ ಸಲ್ಲುವ ಮಾತಲ್ಲ. ಬಯಲುಸೀಮೆಯ ಕಾಲೇಜುಗಳ ಹಿಂಬದಿಯ ಕುರುಚಲು, ಹುಲ್ಲುಗಾವಲುಗಳಿಗೂ ಇದೇ ನಿಯಮ.

ಮಕ್ಕಳನ್ನು ಸೇರಿಸುವಾಗ ನಾವು ಶುಲ್ಕ, ವಸತಿ, ಊಟ, ಉದ್ಯೋಗಗಳ ಬಗೆಗೆ ಹತ್ತು ಬಾರಿ ಕೇಳುತ್ತೇವೆ. ಇನ್ನು ಮೇಲೆ ಮಕ್ಕಳು ರಜೆಗೆ ಮನೆಗೆ ಬಂದಾಗ, ‘ನಿಮ್ಮ ಕಾಲೇಜಿನ ನೆಲದಲ್ಲಿ ಯಾವ ಯಾವ ಜೀವಗಳಿವೆ?’ ಎಂದೂ ಒಮ್ಮೆ ಕೇಳಬೇಕು. ಉತ್ತರ ಹೇಳಲು ಅವರು ಮುಂದಿನ ಮಳೆಗಾಲದಲ್ಲಿ ಬಗ್ಗಿ ನೋಡಿಯೇ ನೋಡುತ್ತಾರೆ. ತಂದೆತಾಯಿಗಳು ಸುಲಭವಾಗಿ ಮಾಡಬಹುದಾದ ಪರಿಸರ ಸೇವೆ ಇದು.